ಟೊಂಕ ಹಿಡಿದಾಗ ಬೆನ್ನನ್ನು ಯಾರ ಕೈಗೆ ಕೊಡಬೇಕು?

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ ಸೀಮೆಯ ತುಬಚಿಯ ಹೊಲಗಳಲ್ಲಿ ದುಡಿಯುವವರ ಬೆನ್ನು ಒಂದು ದಿನಕ್ಕೆ ಏನೇನು ತಾಳಿಕೊಳ್ಳುತ್ತದೆ ನೋಡಿ. ಬೆಳಗಾಗುವ ಮೊದಲೇ ಬಗ್ಗಿ ಬುಡಕ್ಕೆ ಕಡಿಯಬೇಕು, ರವದಿ ಸವರಬೇಕು, ಹೊರೆ ಕಟ್ಟಬೇಕು. ಆಮೇಲೆ ಹಸಿ ಕಬ್ಬಿನ ಆ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು, ಓರೆಯಾಗಿ ಆನಿಸಿದ ಹಲಗೆ ಹತ್ತಿ ಟ್ರೇಲರಿಗೆ ಏರಿಸಬೇಕು. ಅಲುಗಾಡುವ ಹಲಗೆಯ ಮೇಲೆ ಕುತ್ತಿಗೆ ಸೆಟೆದಿರಬೇಕು, ಹೊರೆ ಇಳಿಸುವಾಗ ನಡು ತಿರುಚಬೇಕು. 1989ರಲ್ಲಿ ಚಿಕ್ಕಪಡಸಲಗಿ ಬಳಿ ರೈತರೇ ಕೂಡಿ ದುಡ್ಡು ಹಾಕಿ, ಮೈ ಬಗ್ಗಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಸೀಮೆ ಇದು. ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಈ ದುಡಿಮೆ. ಪಕ್ಕದ ರಬಕವಿ-ಬನಹಟ್ಟಿಯ ನೇಕಾರರು ಇಂಥ ಹೊರೆ ಹೊರುವುದಿಲ್ಲ. ಆದರೆ ದಿನವಿಡೀ ಮಗ್ಗದ ಮುಂದೆ ಕೂತ ಅವರ ನಡುವೂ ಸಂಜೆಗೆ ಅದೇ ಮಾತಾಡುತ್ತದೆ.

ಟೊಂಕ ಹಿಡಿದರೆ ನಮ್ಮ ಕಡೆ ಆಸ್ಪತ್ರೆ ನೆನಪಾಗುವುದು ತಡವಾಗಿ. ಉಳುಕು ತೆಗೆಯುವ ಅಜ್ಜಿಯೋ ಕಾಕಾನೋ ಊರಲ್ಲಿ ಇದ್ದೇ ಇರುತ್ತಾರೆ. ಗರಡಿ ಮನೆಯಿದ್ದ ಊರಾದರೆ ಪೈಲ್ವಾನರ ಕೈಕಾಲು ತಿರುವಿ ಪಳಗಿದ ವಸ್ತಾದರೂ ಇದ್ದಾರು. ಕಾಲು ಮುಂದಾಗಿ ಹುಟ್ಟಿದವರಿಂದ ಟೊಂಕ ತುಳಿಸಿಕೊಂಡರೆ ನೋವು ಬಿಡುತ್ತದೆ ಎಂಬ ನಂಬಿಕೆಯೂ ಉಂಟು. ಈಗ ಇದರ ಸಾಲಿಗೆ ಮೊಬೈಲಿನ ವಿಡಿಯೋ ಸೇರಿದೆ. ಯಾರೋ ಮೇಜಿನ ಮೇಲೆ ಮಲಗಿರುತ್ತಾರೆ, ಬಿಳಿ ಅಂಗಿಯವರು ಒಮ್ಮೆ ಒತ್ತುತ್ತಾರೆ, ‘ಕಟಕ್’ ಎಂಬ ಸದ್ದು, ಮಲಗಿದ್ದವರು ನಗುತ್ತ ಎದ್ದು ಹೋಗುತ್ತಾರೆ. ಈ ಚಿಕಿತ್ಸೆಯ ಹೆಸರು ಕೈರೋಪ್ರಾಕ್ಟಿಕ್. ವಿಡಿಯೋ ನೋಡಿ ನೂರಾರು ಕಿಲೋಮೀಟರ್ ಬಸ್ಸು ಹತ್ತುವ ಮೊದಲು ಅಲ್ಲಿ ಏನು ನಡೆಯುತ್ತದೆ, ಅದರಿಂದ ಎಷ್ಟು ಗುಣ ನಿರೀಕ್ಷಿಸಬಹುದು ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಇದು ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ, 1895ರ ಸೆಪ್ಟೆಂಬರಿನಲ್ಲಿ. ಆಯಸ್ಕಾಂತ ಚಿಕಿತ್ಸೆ ಎಂಬ ಹೆಸರಿನಲ್ಲಿ ಕೈಯಿಂದ ರೋಗ ವಾಸಿಮಾಡುತ್ತೇನೆ ಎನ್ನುತ್ತಿದ್ದ ಡಿ. ಡಿ. ಪಾಮರ್, ತನ್ನ ಕಟ್ಟಡದ ಕೆಲಸಗಾರ ಹಾರ್ವೆ ಲಿಲ್ಲಾರ್ಡ್‌ನ ಬೆನ್ನುಮಣಿಯೊಂದನ್ನು ಒತ್ತಿದ, ಅವನ ಕಿವುಡು ಕಡಿಮೆಯಾಯಿತು ಎಂಬುದು ಮೂಲಕತೆ. ಕಿವಿಯ ನರ ಮಿದುಳಿನಿಂದ ನೇರವಾಗಿ ಕಿವಿಗೆ ಹೋಗುತ್ತದೆ, ಬೆನ್ನುಮಣಿಗಳ ನಡುವೆ ಹಾಯುವುದೇ ಇಲ್ಲ. ಹಾಗಾಗಿ ಈ ಕತೆಯನ್ನು ಅಂಗರಚನೆ ಬಲ್ಲವರು ಒಪ್ಪುವುದು ಕಷ್ಟ. ಪಾಮರ್ ಅಲ್ಲಿಗೇ ನಿಲ್ಲಲಿಲ್ಲ. ನೂರಕ್ಕೆ 95 ರೋಗಗಳಿಗೆ ಜರುಗಿದ ಬೆನ್ನುಮಣಿಗಳೇ ಕಾರಣ ಎಂದು ಸಾರಿದ, 1897ರಲ್ಲಿ ಶಾಲೆ ತೆರೆದ. ಆ ಸಿದ್ಧಾಂತಕ್ಕೆ ಇಂದಿನವರೆಗೂ ಆಧಾರ ಸಿಕ್ಕಿಲ್ಲ. ಆದರೆ ಅವನು ಬಳಸಿದ ಕೈಚಳಕವನ್ನು ಸಿದ್ಧಾಂತದಿಂದ ಬಿಡಿಸಿ ಪರೀಕ್ಷಿಸಲಾಗಿದೆ. ನಮಗೆ ಬೇಕಾದ್ದು ಆ ಪರೀಕ್ಷೆಗಳ ಫಲ.

ಮೊದಲು ಸದ್ದಿನ ವಿಷಯ ಮುಗಿಸೋಣ. ‘ಕಟಕ್’ ಎಂದಾಗ ಸರಿದ ಎಲುಬು ಜಾಗಕ್ಕೆ ಬಂತು ಎಂದೇ ಹೆಚ್ಚಿನವರ ತಿಳಿವಳಿಕೆ. ಹಾಗಲ್ಲ. ಕೀಲಿನ ಒಳಗೆ ಜಾರುಕದ ದ್ರವ ಇರುತ್ತದೆ, ಅದರಲ್ಲಿ ಅನಿಲ ಕರಗಿರುತ್ತದೆ. ಕೀಲನ್ನು ಫಕ್ಕನೆ ಎಳೆದಾಗ ಒಳಗಿನ ಒತ್ತಡ ಇಳಿದು, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಅನಿಲ ಹೊರಬಂದು ಗುಳ್ಳೆಯಾಗುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಬೆರಳು ನೆಟಿಗೆ ತೆಗೆಯುವುದನ್ನು ಎಂಆರ್‌ಐ ಯಂತ್ರದೊಳಗೇ ಚಿತ್ರಿಸಿ ಆ ಗುಳ್ಳೆಯನ್ನು ತೋರಿಸಿದರು. ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಎಲ್ಲ ಮುಗಿದಿತ್ತು. ಅದೇ ಬೆರಳು ಇನ್ನೊಮ್ಮೆ ಸದ್ದು ಮಾಡಲು ಸುಮಾರು ಇಪ್ಪತ್ತು ನಿಮಿಷ ಬೇಕಾಗುವುದೂ ಇದರಿಂದಲೇ. ಸದ್ದು ಬರದಿದ್ದರೆ ಚಿಕಿತ್ಸೆ ಆಗಲಿಲ್ಲ ಎಂದೇನಿಲ್ಲ, ಜೋರಾಗಿ ಬಂದರೆ ಹೆಚ್ಚು ಗುಣ ಎಂದೂ ಇಲ್ಲ.

ಸರಿಯಾಗಿ ಕಲಿತ ಕೈರೋಪ್ರಾಕ್ಟರ್ ಮೊದಲ ಭೇಟಿಯಲ್ಲಿ ನಿಮ್ಮನ್ನು ನೇರವಾಗಿ ಮೇಜಿಗೆ ಹತ್ತಿಸುವುದಿಲ್ಲ. ನೋವು ಯಾವಾಗ ಶುರುವಾಯಿತು, ಕಾಲಿಗೆ ಇಳಿಯುತ್ತದೆಯೇ, ರಾತ್ರಿ ಮಲಗಿದಾಗಲೂ ಬಿಡದೇ, ಬಿದ್ದಿದ್ದಿರಾ, ಜ್ವರ ಬರುತ್ತದೆಯೇ, ಮೈ ಇಳಿದಿದೆಯೇ, ಯಾವ ಗುಳಿಗೆ ತಗೊಳ್ಳುತ್ತೀರಿ, ಹಿಂದೆ ಟಿಬಿ ಅಥವಾ ಕ್ಯಾನ್ಸರ್ ಆಗಿತ್ತೇ ಎಂದೆಲ್ಲ ಕೇಳಬೇಕು. ಆಮೇಲೆ ಅಂಗಾತ ಮಲಗಿಸಿ ಮೊಣಕಾಲು ಮಡಿಸದೆ ಒಂದೊಂದೇ ಕಾಲನ್ನು ನಿಧಾನವಾಗಿ ಎತ್ತುತ್ತಾರೆ. ಸ್ವಲ್ಪ ಎತ್ತುವಷ್ಟರಲ್ಲೇ ಪಿರ್ರೆಯಿಂದ ಮೀನಖಂಡ ದಾಟಿ ಪಾದದವರೆಗೆ ಕರೆಂಟು ಹೊಡೆದಂತಾದರೆ ನರ ಒತ್ತಿದೆ ಎಂಬ ಅನುಮಾನ. ತುದಿಗಾಲಲ್ಲಿ ನಡೆಸುತ್ತಾರೆ, ಹಿಮ್ಮಡಿಯ ಮೇಲೆ ನಡೆಸುತ್ತಾರೆ. ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎತ್ತಲು ಹೇಳಿ ತಮ್ಮ ಕೈಯಿಂದ ಕೆಳಕ್ಕೆ ಒತ್ತಿ ಅದರ ಬಲ ನೋಡುತ್ತಾರೆ. ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಇದಕ್ಕೆಲ್ಲ ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಹಿಡಿಯುತ್ತದೆ. ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯಲ್ಲಿ ದುಡ್ಡು ಕೊಡಲು ಯೋಗ್ಯವಾದ ಭಾಗ ಇದೇ. ಯಾರಿಗೆ ಕೈ ಹಚ್ಚಬಾರದು ಎಂಬುದು ಗೊತ್ತಾಗುವುದು ಇಲ್ಲಿ. ವಿಡಿಯೋಗಳಲ್ಲಿ ಕತ್ತರಿಸಿ ಬಿಸಾಡುವುದೂ ಇದನ್ನೇ.

ಕೈ ಹಚ್ಚುವುದು ಬಹಳ ಚಿಕ್ಕ ಕೆಲಸ. ಟೊಂಕಕ್ಕಾದರೆ ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಕಾಲು ಮಡಿಸಿ, ಭುಜ ಹಿಂದಕ್ಕೆ ತಿರುಗಿಸಿ, ಕೀಲು ತಿರುಗುವ ಕೊನೆಯವರೆಗೆ ತಂದು ಒಂದು ಚಿಕ್ಕ, ಚುರುಕಾದ ಒತ್ತು ಕೊಡುತ್ತಾರೆ. ಕೆಲವರು ಚುರುಕಿನ ಒತ್ತಿಲ್ಲದೆ ನಿಧಾನವಾಗಿ ಅಲುಗಾಡಿಸುತ್ತಾರೆ. ವಯಸ್ಸಾದವರಿಗೆ ಅದೇ ಲೇಸು. ಅಂದು ರಾತ್ರಿ, ಮರುದಿನ ಮೈ ನೋಯುವುದು ಸಾಮಾನ್ಯ. ಒಂದೆರಡು ದಿನದಲ್ಲಿ ಅದು ಇಳಿಯಬೇಕು.

ಗುಣ ಎಷ್ಟು? ಹತ್ತರಲ್ಲಿ ಸುಮಾರು ಒಂಬತ್ತು ಟೊಂಕನೋವುಗಳ ಹಿಂದೆ ಇದೇ ಎಂದು ಬೆರಳು ಮಾಡಿ ತೋರಿಸುವಂಥ ರೋಗ ಇರುವುದಿಲ್ಲ. ಹೊಸ ನೋವಾದರೆ ಹೆಚ್ಚಿನವರಿಗೆ ಆರು ವಾರದೊಳಗೆ ತಾನಾಗಿಯೇ ಸಾಕಷ್ಟು ತಗ್ಗುತ್ತದೆ. ಹಳೆಯ ನೋವಿನ ಬಗ್ಗೆ 47 ಪ್ರಯೋಗಗಳನ್ನು, 9,211 ಜನರನ್ನು ಒಟ್ಟಿಗೆ ತೂಗಿ ನೋಡಿದ ಅಧ್ಯಯನವೊಂದು 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬೆನ್ನು ಒತ್ತುವ ಈ ಚಿಕಿತ್ಸೆ, ವ್ಯಾಯಾಮದಂಥ ಬೇರೆ ಒಳ್ಳೆಯ ಉಪಾಯಗಳಷ್ಟೇ ನೋವು ತಗ್ಗಿಸುತ್ತದೆ, ಹೆಚ್ಚೇನೂ ಅಲ್ಲ ಎಂಬುದು ಅದರ ತೀರ್ಮಾನ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಟೊಂಕನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲೂ ಇದಕ್ಕೆ ಜಾಗವಿದೆ, ಆದರೆ ವ್ಯಾಯಾಮ, ತಿಳಿವಳಿಕೆಗಳ ಜೊತೆಗೆ. ಅದೇ ಮಾರ್ಗಸೂಚಿ ನಡುಪಟ್ಟಿಯನ್ನೂ, ತೂಕ ಕಟ್ಟಿ ಎಳೆಯುವ ಟ್ರಾಕ್ಷನ್ನನ್ನೂ ಬೇಡ ಎಂದಿದೆ. ಮೆಡಿಕಲ್ ಅಂಗಡಿಯಲ್ಲಿ ಬೆಲ್ಟು ಕೊಂಡು ತಿಂಗಳುಗಟ್ಟಲೆ ಬಿಗಿದುಕೊಳ್ಳುವ ನಮ್ಮವರು ಇದನ್ನು ಗಮನಿಸಬೇಕು.

‘ಗಾದಿ ಸರಿದೈತಿ’ ಎಂಬ ಎಂಆರ್‌ಐ ಚೀಟಿ ಕಂಡು ಎದೆ ಒಡೆದುಕೊಳ್ಳುವವರಿಗೂ ಒಂದು ಮಾತು. ಯಾವ ನೋವೂ ಇಲ್ಲದ ಇಪ್ಪತ್ತರ ಹರೆಯದವರ ಚಿತ್ರ ತೆಗೆದರೂ ನೂರರಲ್ಲಿ ಸುಮಾರು 30 ಮಂದಿಗೆ ಈ ಗಾದಿ, ಅಂದರೆ ಡಿಸ್ಕು, ಉಬ್ಬಿದ್ದು ಕಾಣುತ್ತದೆ. ಎಂಬತ್ತರವರಲ್ಲಿ ಆ ಲೆಕ್ಕ 84ಕ್ಕೆ ಏರುತ್ತದೆ. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ. ಹೊರಬಂದ ಡಿಸ್ಕಿನ ತುಣುಕು ಕೆಲವು ತಿಂಗಳಲ್ಲಿ ತಾನಾಗಿ ಕುಗ್ಗುವುದೂ ಸಾಕಷ್ಟು ಉಂಟು.

ಇನ್ನು ಅಪಾಯ. ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಹೋದರೆ, ಎರಡೂ ಕಾಲು ಸೋತರೆ, ತೊಡೆಸಂದು ಗುದದ ಸುತ್ತ ಜೋಮು ಹಿಡಿದರೆ ಯಾವ ಕೈಚಿಕಿತ್ಸೆಯೂ ಬೇಡ, ಅದೇ ದಿನ ದೊಡ್ಡ ಆಸ್ಪತ್ರೆ ಸೇರಬೇಕು. ಗಂಟೆಗಳು ತಡವಾದರೂ ಕಾಲಿನ ಬಲ, ಮೂತ್ರದ ಹಿಡಿತ ಮರಳದೆ ಹೋಗಬಹುದು. ಸಂಜೆ ಸಂಜೆ ಜ್ವರ, ಇಳಿಯುವ ತೂಕ, ಮಲಗಿದರೂ ಬಿಡದ ಬೆನ್ನುನೋವು ಇದ್ದರೆ ಬೆನ್ನುಮೂಳೆಯ ಟಿಬಿಯನ್ನು ನೆನೆಯಬೇಕು. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ. ಒಳಗೆ ಕೀವಾಗಿ ಪುಡಿಯಾಗುತ್ತಿರುವ ಮಣಿಯನ್ನು ಹೊರಗಿಂದ ಒತ್ತಿದರೆ ಬೆನ್ನುಹುರಿಗೇ ಪೆಟ್ಟು. ಮುಟ್ಟು ನಿಂತು ಮೂಳೆ ಸವೆದ ತಾಯಂದಿರಿಗೆ, ಬಹುಕಾಲ ಸ್ಟೀರಾಯ್ಡ್ ನುಂಗಿದವರಿಗೆ, ರಕ್ತ ತೆಳುವಾಗಿಸುವ ಗುಳಿಗೆಯವರಿಗೆ ಜೋರಿನ ಒತ್ತು ಸಲ್ಲದು. ಟೊಂಕ ತುಳಿಸುವ ಪದ್ಧತಿಯನ್ನು ಕಂಡರೆ ನನಗೆ ಭಯವಾಗುವುದೂ ಇದಕ್ಕೇ. ತುಳಿಯುವವರು ಇದರಲ್ಲಿ ಒಂದನ್ನೂ ಕೇಳುವುದಿಲ್ಲ.

ಕುತ್ತಿಗೆಯ ವಿಷಯದಲ್ಲಿ ನಾನು ಇನ್ನೂ ಬಿಗಿ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಿ ಹಾಯುತ್ತವೆ, ಎರಡಂತೂ ಕುತ್ತಿಗೆಯ ಮಣಿಗಳ ತೂತುಗಳ ಮೂಲಕವೇ. ಥಟ್ಟನೆ ತಿರುವಿದಾಗ ನಾಳದ ಒಳಪದರ ಹರಿದು ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯುವುದು ಅಪರೂಪ, ಆದರೆ ಆಗುತ್ತದೆ. 2024ರಲ್ಲಿ ಬಳ್ಳಾರಿ ಕಡೆಯ ಮೂವತ್ತರ ಯುವಕನೊಬ್ಬ ಕ್ಷೌರದಂಗಡಿಯಲ್ಲಿ ತಲೆ ಮಾಲೀಶಿನ ಕೊನೆಗೆ ಕುತ್ತಿಗೆ ತಿರುವಿಸಿಕೊಂಡು, ಮನೆಗೆ ಹೋದ ಮೇಲೆ ಮಾತು ತೊದಲಿ, ಎಡಮೈ ಸೋತು ಆಸ್ಪತ್ರೆ ಸೇರಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅವನು ಚೇತರಿಸಿಕೊಂಡ. ಕಟಿಂಗ್ ಆದಮೇಲೆ ಪುಕ್ಕಟೆ ಸಿಗುವ ಆ ತಿರುವನ್ನು ‘ಬ್ಯಾಡೋ ತಮ್ಮಾ’ ಎಂದು ಕೈ ಅಡ್ಡ ಹಿಡಿದು ತಡೆಯಿರಿ.

ಕೈ ಹಚ್ಚುವವರು ಕಲಿತವರೇ ಎಂದು ತಿಳಿಯುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿಯ ಪ್ರಕಾರ ಪೂರ್ತಿ ಕೈರೋಪ್ರಾಕ್ಟಿಕ್ ಶಿಕ್ಷಣಕ್ಕೆ ಕನಿಷ್ಠ 4,200 ಗಂಟೆ ಪಾಠ ಬೇಕು. ಅದರಲ್ಲಿ ಸಾವಿರ ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿರಬೇಕು. ಭಾರತದಲ್ಲಿ ವೈದ್ಯರಿಗೆ, ದಂತವೈದ್ಯರಿಗೆ ಇರುವಂಥ ಪ್ರತ್ಯೇಕ ಕಾನೂನುಬದ್ಧ ಮಂಡಳಿ ಕೈರೋಪ್ರಾಕ್ಟರುಗಳಿಗೆ ಇಲ್ಲ. ಬೋರ್ಡಿನ ಮೇಲೆ ಆ ಹೆಸರಿದೆ ಎಂದ ಮಾತ್ರಕ್ಕೆ ಏನೂ ತಿಳಿಯದು. ಹೊರದೇಶದಲ್ಲಿ ಕಲಿತವರು ಇದ್ದಾರೆ, ಫಿಸಿಯೋಥೆರಪಿ ಪದವಿಯ ಮೇಲೆ ಬೆನ್ನು ಒತ್ತುವ ತರಬೇತಿ ಪಡೆದವರಿದ್ದಾರೆ, ನಾಲ್ಕು ದಿನದ ಶಿಬಿರ ಮುಗಿಸಿ ಅಂಗಡಿ ತೆರೆದವರೂ ಇರಬಹುದು. ‘ಸರ, ನೀವು ಯಾವ ಕಾಲೇಜಿನ್ಯಾಗ ಕಲ್ತೀರಿ? ಎಷ್ಟು ವರ್ಷದ ಕೋರ್ಸರೀ ಅದು?’ ಎಂದು ಕೇಳಲು ಸಂಕೋಚ ಬೇಡ. ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳು ಕರ್ನಾಟಕದಲ್ಲಿ 2007ರ ಕೆಪಿಎಂಇ ಕಾಯಿದೆಯಡಿ ನೋಂದಣಿ ಆಗಬೇಕು, ಆ ಪ್ರಮಾಣಪತ್ರವನ್ನೂ ಕೇಳಿ ನೋಡಿ.

ಸಕ್ಕರೆ ಕಾಯಿಲೆ, ದಮ್ಮು, ಬಿಪಿ, ಬಂಜೆತನ ಎಲ್ಲವನ್ನೂ ಬೆನ್ನು ಒತ್ತಿ ವಾಸಿಮಾಡುತ್ತೇನೆ ಎಂದವರನ್ನು ಬಿಟ್ಟು ಬನ್ನಿ, ಅದು ಪಾಮರನ ಕಾಲದ ಮಾತು. ಹಸುಗೂಸಿನ ಬೆನ್ನು ಒತ್ತಲು ಕೊಡಬೇಡಿ. ಮುಂಗಡ ದುಡ್ಡು ಕಟ್ಟಿಸಿಕೊಂಡು ಮೂವತ್ತು, ನಲವತ್ತು ಸಲ ಬನ್ನಿ ಎಂದರೂ ಒಪ್ಪಬೇಡಿ. ಐದಾರು ಭೇಟಿಯಲ್ಲಿ, ಮೂರು ನಾಲ್ಕು ವಾರದಲ್ಲಿ, ಬಗ್ಗಲು, ಹಾಸಿಗೆಯಿಂದ ಏಳಲು ಮೊದಲಿಗಿಂತ ಸಲೀಸಾಗಿದೆಯೇ ಎಂದು ನೀವೇ ಅಳೆಯಿರಿ. ಆಗಿದ್ದರೆ ಭೇಟಿ ಕಡಿಮೆ ಮಾಡಿ, ಕಲಿಸಿದ ವ್ಯಾಯಾಮ ಮುಂದುವರಿಸಿ, ದಿನಾ ನಡೆಯಿರಿ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿದರೆ ಟೊಂಕ ಇನ್ನಷ್ಟು ಬಿಗಿಯುತ್ತದೆ. ಏನೂ ಆಗಿರದಿದ್ದರೆ ಜಮಖಂಡಿಯ ಸರ್ಕಾರಿ ಆಸ್ಪತ್ರೆಗೋ, ಬಾಗಲಕೋಟೆಯ ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆಯ ಎಲುಬು ಕೀಲು ವಿಭಾಗಕ್ಕೋ ತೋರಿಸಿ. ಹೋಗುವಾಗ ಹಳೆಯ ಎಕ್ಸ್‌ರೇ, ನುಂಗುತ್ತಿರುವ ಗುಳಿಗೆಗಳ ಪಟ್ಟಿ ಜೊತೆಗಿರಲಿ. ಬೆನ್ನು ಒತ್ತಿಸಿಕೊಂಡದ್ದನ್ನೂ, ತುಳಿಸಿಕೊಂಡದ್ದನ್ನೂ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ.