ಬಾಸ್ಟನ್ನಿನಿಂದ ಬಂದ ಹಾಡಿನ ಪಾಠ

ಜಪಾನ್ 1872ರಲ್ಲಿ ದೇಶಕ್ಕೆಲ್ಲ ಒಂದೇ ಶಾಲಾ ವ್ಯವಸ್ಥೆ ತಂದಾಗ ಪ್ರಾಥಮಿಕ ಶಾಲೆಯ ವಿಷಯಪಟ್ಟಿಯಲ್ಲಿ ಹಾಡುಗಾರಿಕೆಯೂ ಇತ್ತು. ಜೊತೆಗೊಂದು ಷರಾ: ಸದ್ಯಕ್ಕೆ ಇದನ್ನು ಬಿಡತಕ್ಕದ್ದು. ಕಲಿಸಲು ಮೇಷ್ಟ್ರಿಲ್ಲ, ಪುಸ್ತಕವಿಲ್ಲ. ಸರ್ಕಾರಿ ಕಡತ ನೋಡಿದವರಿಗೆ ಇಂಥ ಷರಾ ಹೊಸದೇನಲ್ಲ ಬಿಡಿ.

ಅದನ್ನು ಅಳಿಸಿದವರು ಇಸಾವಾ ಶೂಜಿ. 1875ರಲ್ಲಿ ಅಮೆರಿಕಕ್ಕೆ ಹೋಗಿ ಬ್ರಿಜ್‌ವಾಟರ್‌ನ ಶಿಕ್ಷಕರ ತರಬೇತಿ ಶಾಲೆ ಸೇರಿದರು. ಪಾಶ್ಚಾತ್ಯ ಸ್ವರಗಳು ಗಂಟಲಿಗೆ ಒಗ್ಗಲಿಲ್ಲ. ಹಾಡಿನ ತರಗತಿಗೆ ವಿನಾಯಿತಿ ಕೊಡುತ್ತೇವೆಂದರೂ ಒಪ್ಪದೆ, ಬಾಸ್ಟನ್ ಶಾಲೆಗಳ ಸಂಗೀತ ಶಿಕ್ಷಕ ಲೂಥರ್ ವೈಟಿಂಗ್ ಮೇಸನ್ ಬಳಿ ಪಾಠಕ್ಕೆ ಕೂತರು. 1880ರಲ್ಲಿ ಮೇಸನ್ನರೇ ಟೋಕಿಯೊಗೆ ಬಂದರು. ಇಬ್ಬರೂ ಸೇರಿ ಸಿದ್ಧಪಡಿಸಿದ ಪುಸ್ತಕದಲ್ಲಿ ಸ್ಕಾಟ್ಲೆಂಡಿನ ‘ಆಲ್ಡ್ ಲ್ಯಾಂಗ್ ಸೈನ್’ ಧಾಟಿಗೆ ಜಪಾನಿ ಸಾಹಿತ್ಯ ಕೂಡಿಸಿದ ಹಾಡೂ ಇತ್ತು. ಈ ಆಯ್ಕೆಯ ಜಾಣತನ ನಮ್ಮ ಕಿವಿಗೆ ಬೇಗ ತಿಳಿದೀತು: ಆ ಧಾಟಿಯಲ್ಲಿರುವುದು ಮೋಹನ ರಾಗದ ಐದೇ ಸ್ವರ, ಮಧ್ಯಮವಿಲ್ಲ, ನಿಷಾದವಿಲ್ಲ. ಐದು ಸ್ವರಗಳಲ್ಲೇ ಪಳಗಿದ್ದ ಜಪಾನಿ ಕೊರಳಿಗೆ ಅದು ಸಲೀಸು.

ಅಲ್ಲಿಂದ ಮುಂದಿನದು ಇಷ್ಟು ಮುಗ್ಧ ಕಥೆಯಲ್ಲ. 1895ರಲ್ಲಿ ತೈವಾನ್ ಜಪಾನಿನ ವಸಾಹತಾದಾಗ ಅಲ್ಲಿನ ಶಿಕ್ಷಣದ ಹೊಣೆ ಹೊತ್ತು ಹೋದವರೂ ಇಸಾವಾ ಅವರೇ. 1910ರಲ್ಲಿ ಕೊರಿಯಾ ಕೈವಶವಾದ ಮೇಲೆ ಅಲ್ಲಿನ ಮಕ್ಕಳ ಬಾಯಿಗೂ ಜಪಾನಿ ಶಾಲಾಗೀತೆ ಬಂತು. ಕೊರಿಯನ್ನರೋ, ಅದೇ ಸ್ಕಾಟಿಷ್ ಧಾಟಿಯಲ್ಲಿ ತಮ್ಮ ದೇಶಗೀತೆಯನ್ನು ಹಾಡಿಕೊಂಡರು! ಚೀನಾದ ಮೇಲೆ ಯಾರೂ ಹೇರಲಿಲ್ಲ. ಜಪಾನಿಗೆ ಓದಲು ಹೋಗಿದ್ದ ಶೆನ್ ಶಿನ್‌ಗೊಂಗ್, ಲಿ ಶುತೊಂಗ್‌ರಂಥವರು ತಾವೇ ಹೊತ್ತು ತಂದರು. ಲಿ ಅವರ ಪ್ರಸಿದ್ಧ ವಿದಾಯಗೀತೆ ‘ಸೊಂಗ್‌ಬಿಯೆ’ಯ ಧಾಟಿ ಅಮೆರಿಕದ ಜಾನ್ ಆರ್ಡ್‌ವೇ ಅವರದು, ಜಪಾನಿನ ಮೂಲಕ ಬಂದದ್ದು.

ಹೀಗೆ ಮೂರೂ ಕಡೆ ಸಂಗೀತದ ಪೀರಿಯಡ್ ಎಂದರೆ ಪಿಯಾನೊ, ಗುಂಪುಗಾಯನ ಎಂದಾಯಿತು. ಹೊರಗುಳಿದ ಸ್ವಂತ ಸಂಗೀತವನ್ನು ಒಳಗೆ ಕರೆತರಲು ಮತ್ತೆ ಸರ್ಕಾರಿ ಆದೇಶವೇ ಬೇಕಾದದ್ದು ನನಗಂತೂ ಸೋಜಿಗ. ಜೂನಿಯರ್ ಹೈಸ್ಕೂಲಿನ ಮೂರು ವರ್ಷಗಳಲ್ಲಿ ಒಂದಾದರೂ ದೇಶೀ ವಾದ್ಯವನ್ನು ಕೈಗೆ ಕೊಡಲೇಬೇಕೆಂದು ಜಪಾನ್ ಹೇಳಿದ್ದು 1998ರ ಪಠ್ಯಕ್ರಮದಲ್ಲಿ. ಪಿಯಾನೊ ಕಲಿತು ಕೆಲಸಕ್ಕೆ ಸೇರಿದ್ದ ಶಿಕ್ಷಕರು ಮೊದಲು ತಾವೇ ಕೊತೊ, ಶಮಿಸೆನ್ ಹಿಡಿಯಬೇಕಾಯಿತು. ಚೀನಾ 2008ರಲ್ಲಿ ಕೆಲವು ಪ್ರಾಂತ್ಯಗಳ ಶಾಲೆಗಳಲ್ಲಿ ಪೀಕಿಂಗ್ ಒಪೆರಾ ಕಲಿಸಿ ನೋಡಿತು; 2022ರಲ್ಲಿ ಸಂಗೀತ, ಚಿತ್ರಕಲೆ, ನೃತ್ಯ, ನಾಟಕ, ಸಿನಿಮಾಗಳನ್ನೆಲ್ಲ ‘ಕಲೆ’ ಎಂಬ ಒಂದೇ ವಿಷಯದಡಿ ತಂದಿತು.

ದಕ್ಷಿಣ ಕೊರಿಯಾದಲ್ಲಿ ಇದು ಬೀದಿಗೇ ಬಂತು. ಅಲ್ಲಿನ ದೇಶೀ ಸಂಗೀತ ‘ಗುಗಾಕ್’ ಪಠ್ಯಗಳಲ್ಲಿ ದಶಕಗಳಿಂದ ಜಾಗ ಹಿಗ್ಗಿಸಿಕೊಳ್ಳುತ್ತಿತ್ತು. 2022ರ ಪಠ್ಯಕ್ರಮದ ಕರಡಿನಲ್ಲಿ ಆ ಜಾಗ ಕುಗ್ಗುತ್ತದೆಂದು ಗೊತ್ತಾದದ್ದೇ ತಡ, ಕಲಾವಿದರು, ಶಿಕ್ಷಕರು, ವಿದ್ಯಾರ್ಥಿಗಳು ಪ್ರತಿಭಟನೆಗಿಳಿದರು. ಸಚಿವಾಲಯ ಮಣಿಯಿತು, ಅಂತಿಮ ಪಠ್ಯಕ್ರಮದಲ್ಲಿ ಗುಗಾಕ್ ಉಳಿಯಿತು.