ನೀರಿನ ಬಾಟಲಿಯ ಸುತ್ತ ಒಂದು ಆಪತ್ಕಾಲದ ಕಿಟ್

ಬೆಟ್ಟ ಹತ್ತುವವರ ಬೆನ್ನಚೀಲದಲ್ಲಿ ಬೇರೇನಿಲ್ಲದಿದ್ದರೂ ನೀರಿನ ಬಾಟಲಿಯೊಂದು ಇದ್ದೇ ಇರುತ್ತದೆ. ಅದು ಸ್ಟೀಲಿನದಾಗಿದ್ದರೆ ಬೆಂಕಿಯ ಮೇಲಿಟ್ಟು ನೀರು ಕಾಯಿಸಬಹುದು, ಔಷಧದ ಪುಡಿ ಕಲಸಲು ಅಳತೆಯ ಪಾತ್ರೆಯಾಗಿ ಬಳಸಬಹುದು, ಚಳಿಯ ರಾತ್ರಿ ಬಿಸಿನೀರು ತುಂಬಿ ಮೈಗೆ ಒತ್ತಿಕೊಳ್ಳಬಹುದು. ಈ ಬಾಟಲಿಯ ಜೊತೆಗೆ ಅಂಗೈಯಲ್ಲಿ ಹಿಡಿಸುವಷ್ಟು ಸಾಮಾನು ಸೇರಿಸಿದರೆ, ದಾರಿ ತಪ್ಪಿಯೋ ಕಾಲು ಉಳುಕಿಯೋ ಕಾಡಿನಲ್ಲೇ ಒಂದು ರಾತ್ರಿ ಕಳೆಯಬೇಕಾಗಿ ಬಂದಾಗ ಜೀವ ಕಾಯುವ ಕಿಟ್ ಸಿದ್ಧವಾಗುತ್ತದೆ. ಸೈನಿಕರಿಗೆ ಈ ಉಪಾಯ ಹಳೆಯದು. ಅಮೆರಿಕದ ಸೇನೆ 1910ರಲ್ಲಿ ರೂಪಿಸಿದ ಅಲ್ಯೂಮಿನಿಯಂ ನೀರಿನ ಬಾಟಲಿಯ ತಳಕ್ಕೆ ಲೋಹದ ಬಟ್ಟಲೊಂದು ಸರಿಯಾಗಿ ಕೂರುತ್ತಿತ್ತು. ಬಾಟಲಿಯಲ್ಲಿ ಕುಡಿಯುವ ನೀರು, ಬಟ್ಟಲಲ್ಲಿ ಅಡುಗೆ, ಎರಡೂ ಸೊಂಟದ ಒಂದೇ ಚೀಲದಲ್ಲಿ.

ಕಿಟ್‌ನಲ್ಲಿ ಏನಿರಬೇಕು ಎಂಬುದನ್ನು ದೇಹದ ಅಗತ್ಯವೇ ಹೇಳುತ್ತದೆ. ಉಸಿರಿಲ್ಲದೆ ಮೂರು ನಿಮಿಷ, ವಿಪರೀತ ಚಳಿ ಅಥವಾ ಬಿಸಿಲಿನಲ್ಲಿ ಮರೆಯಿಲ್ಲದೆ ಮೂರು ಗಂಟೆ, ನೀರಿಲ್ಲದೆ ಮೂರು ದಿನ, ಅನ್ನವಿಲ್ಲದೆ ಮೂರು ವಾರ ಎಂಬ ಸ್ಥೂಲ ಲೆಕ್ಕ ಚಾರಣಿಗರಲ್ಲಿ ರೂಢಿಯಲ್ಲಿದೆ. ಇದು ಕರಾರುವಾಕ್ಕಾದ ನಿಯಮವಲ್ಲ, ಆದರೆ ಯಾವುದು ಮೊದಲು ಎಂಬುದನ್ನು ತೋರಿಸುತ್ತದೆ. ಮೈ ಬೆಚ್ಚಗಿಡುವುದು, ನೀರು, ತಾನಿರುವ ಜಾಗವನ್ನು ಹುಡುಕುವವರಿಗೆ ತಿಳಿಸುವುದು ಮುಂದಿನ ಸಾಲಿಗೆ ಬರುತ್ತವೆ; ಆಹಾರ ಕೊನೆಗೆ.

ಬಾಟಲಿಯ ಆಯ್ಕೆ

ಅಂಗಡಿಯಲ್ಲಿ ಸಿಗುವ ಎಲ್ಲ ಸ್ಟೀಲ್ ಬಾಟಲಿಗಳೂ ಈ ಕೆಲಸಕ್ಕೆ ಬರುವುದಿಲ್ಲ. ಬಿಸಿ ಹಾಗೂ ತಂಪು ಕಾಯ್ದಿಡುವ ಬಾಟಲಿಗಳಿಗೆ ಎರಡು ಗೋಡೆಗಳಿರುತ್ತವೆ, ನಡುವಿನ ಜಾಗವನ್ನು ಗಾಳಿ ತೆಗೆದು ಮುಚ್ಚಿರುತ್ತಾರೆ. ಅಂಥದ್ದನ್ನು ಬೆಂಕಿಗಿಟ್ಟರೆ ಒಳಗಿನ ನೀರು ಕಾಯುವುದಿಲ್ಲ. ಬೆಸುಗೆ ಬಿಟ್ಟು ಗೋಡೆಗಳ ನಡುವೆ ಗಾಳಿಯೋ ತೇವವೋ ಸೇರಿದ್ದರೆ ಬಾಟಲಿ ಸಿಡಿಯುವ ಅಪಾಯವೂ ಇದೆ. ಅಲ್ಯೂಮಿನಿಯಂ ಬಾಟಲಿಗಳ ಒಳಮೈಗೆ ಸಾಮಾನ್ಯವಾಗಿ ಲೇಪನವಿರುವುದರಿಂದ ಅವೂ ಬೇಡ. ಬೇಕಾದದ್ದು ಒಂದೇ ಪದರದ, ಬಣ್ಣ ಬಳಿಯದ ಸ್ಟೇನ್‌ಲೆಸ್ ಸ್ಟೀಲ್ ಬಾಟಲಿ. ಅಡುಗೆ ಪಾತ್ರೆಗಳಿಗೆ ಬಳಸುವ 304 ದರ್ಜೆಯ ಸ್ಟೀಲ್ ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೌದೆಯ ಬೆಂಕಿ ಅಷ್ಟು ಬಿಸಿಗೆ ಏರುವುದಿಲ್ಲ.

ಬಾಟಲಿಯ ಬಾಯಿ ಅಗಲವಾಗಿರಬೇಕು, ಕೈಹಾಕಿ ತೊಳೆಯಲೂ ನೀರು ಸೋಸಿ ತುಂಬಲೂ ಅದು ಅನುಕೂಲ. ಗಾತ್ರ ಸರಿಯಾಗಿ ಒಂದು ಲೀಟರ್ ಇದ್ದರೆ ಒಳ್ಳೆಯದು. ಬಾಟಲಿಯ ತಳಕ್ಕೆ ಕೂರುವಂಥ ಸ್ಟೀಲ್ ಲೋಟವೊಂದನ್ನು ಜೋಡಿಸಿಕೊಂಡರೆ ಹೆಚ್ಚು ಜಾಗ ಹಿಡಿಯದೆ ಇನ್ನೊಂದು ಪಾತ್ರೆ ಕೈಗೆ ಬಂದಂತೆ.

ನೀರು

ಹಳ್ಳದ ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವಲ್ಲ. ಮೇಲ್ಭಾಗದಲ್ಲಿ ದನಕರು ಮೇಯುತ್ತಿರಬಹುದು, ಸತ್ತ ಪ್ರಾಣಿ ಬಿದ್ದಿರಬಹುದು. ಮೊದಲು ನೀರನ್ನು ಹತ್ತಿಬಟ್ಟೆಯ ನಾಲ್ಕು ಮಡಿಕೆಯಲ್ಲಿ ಸೋಸಬೇಕು, ನಂತರ ಕುದಿಸಬೇಕು. ನೀರು ಕೊತಕೊತನೆ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಸುಮಾರು 2,000 ಮೀಟರಿಗಿಂತ ಎತ್ತರದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಮೂರು ನಿಮಿಷ ಕುದಿಸಬೇಕು. ಕರ್ನಾಟಕದ ಅತ್ಯಂತ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಲ್ಲಿ ನೀರು 93-94 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ನಮ್ಮ ಘಟ್ಟಗಳಲ್ಲಿ ಒಂದು ನಿಮಿಷದ ಲೆಕ್ಕ ನಡೆಯುತ್ತದೆ, ಹಿಮಾಲಯಕ್ಕೆ ಹೋದವರು ಮೂರು ನಿಮಿಷ ಕಾಯಬೇಕು.

ಬಾಟಲಿಯನ್ನು ಬೆಂಕಿಗಿಡುವಾಗ ಮುಚ್ಚಳವನ್ನೂ ಅದರ ರಬ್ಬರ್ ವಾಷರನ್ನೂ ತೆಗೆದಿಡಲೇಬೇಕು. ಬಾಯಿ ಮುಚ್ಚಿ ಕಾಯಿಸಿದರೆ ಹಬೆಯ ಒತ್ತಡಕ್ಕೆ ಬಾಟಲಿ ಸಿಡಿಯುತ್ತದೆ. ಮುಕ್ಕಾಲು ಭಾಗ ನೀರು ತುಂಬಿ, ಉರಿಯ ನಡುವೆ ಇಡದೆ ಕೆಂಡದ ಅಂಚಿಗೆ ಒತ್ತಿ ನಿಲ್ಲಿಸಿದರೆ ಉರುಳಿ ಬೀಳುವುದಿಲ್ಲ, ತೆಗೆಯುವುದೂ ಸುಲಭ. ಕುತ್ತಿಗೆಗೆ ಮೊದಲೇ ತಂತಿ ಸುತ್ತಿ ಹಿಡಿ ಮಾಡಿಕೊಂಡಿದ್ದರೆ ಕೋಲು ತೂರಿಸಿ ಎತ್ತಬಹುದು. ಕುದಿಯುವ ನೀರಿಗೆ ತಕ್ಷಣ ಮುಚ್ಚಳ ಬಿಗಿದರೆ, ಆರಿದ ಮೇಲೆ ಒಳಗೆ ನಿರ್ವಾತ ಉಂಟಾಗಿ ಮುಚ್ಚಳ ಕಚ್ಚಿಕೊಳ್ಳುತ್ತದೆ. ಸ್ವಲ್ಪ ಆರಲು ಬಿಡಬೇಕು.

ಬೆಂಕಿ ಹಾಕಲಾಗದ ಸಂದರ್ಭಕ್ಕೆ ಕ್ಲೋರಿನ್ ಮಾತ್ರೆಗಳಿರಲಿ. ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣದಲ್ಲಿ ಹಾಕಿ ಸಾಮಾನ್ಯವಾಗಿ ಅರ್ಧ ಗಂಟೆ ಬಿಡಬೇಕಾಗುತ್ತದೆ. ಕುದಿಸುವುದಾಗಲಿ ಕ್ಲೋರಿನ್ ಆಗಲಿ ಕೀಟನಾಶಕವನ್ನು ತೆಗೆಯುವುದಿಲ್ಲ. ಹಾಗಾಗಿ ಕಾಫಿ ತೋಟ, ಗದ್ದೆಗಳ ಕೆಳಗೆ ಹರಿಯುವ ನೀರಿಗಿಂತ ಅವುಗಳ ಮೇಲ್ಭಾಗದ ತೊರೆಯ ನೀರೇ ಲೇಸು.

ಬೆಂಕಿ

ಒಂದು ಲೈಟರ್, ನೀರು ಹೋಗದ ಡಬ್ಬಿಯಲ್ಲಿ ಬೆಂಕಿಪೊಟ್ಟಣ, ಜೊತೆಗೊಂದು ಫೆರೋ ಕಡ್ಡಿ. ಆಸ್ಟ್ರಿಯಾದ ವಿಜ್ಞಾನಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ 1903ರಲ್ಲಿ ಪೇಟೆಂಟ್ ಪಡೆದ ಮಿಶ್ರಲೋಹ ಈ ಕಡ್ಡಿಯ ಮೂಲ. ಚಾಕುವಿನ ಬೆನ್ನಿನಿಂದ ಗೀರಿದರೆ ಕಿಡಿ ಉದುರುತ್ತದೆ, ನೀರಲ್ಲಿ ನೆನೆದರೂ ಒರೆಸಿ ಬಳಸಬಹುದು. ಆದರೆ ಕಿಡಿ ಹಿಡಿದುಕೊಳ್ಳಲು ಏನಾದರೂ ಬೇಕು. ವ್ಯಾಸಲಿನ್ ಸವರಿದ ಹತ್ತಿಯ ಉಂಡೆಯನ್ನು ಬಿಡಿಸಿ ಹರಡಿ ಕಿಡಿ ಬೀಳಿಸಿದರೆ ಹಲವು ನಿಮಿಷ ಉರಿಯುತ್ತದೆ. ನಮ್ಮ ಮನೆಗಳಲ್ಲಿರುವ ಪೂಜೆಯ ಕರ್ಪೂರವೂ ಇದಕ್ಕೆ ಚೆನ್ನ. ತಾನಾಗಿ ಆವಿಯಾಗಿ ಕರಗುವ ವಸ್ತುವಾದ್ದರಿಂದ ಬಿಗಿ ಡಬ್ಬಿಯಲ್ಲಿ ಇಡಬೇಕು. ಮಳೆಗಾಲದ ಮಲೆನಾಡಿನಲ್ಲಿ ನೆಲದ ಮೇಲಿನ ಪುಳ್ಳೆಯೆಲ್ಲ ತೊಯ್ದಿರುತ್ತದೆ. ಒಣಗಿ ನಿಂತ ಕೊಂಬೆಯನ್ನು ಸೀಳಿದರೆ ಒಳಗಿನ ತಿರುಳು ಒಣಗಿಯೇ ಇರುತ್ತದೆ.

ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾದ ಅಪಾಯ. ಘಟ್ಟದ ಒಣಹುಲ್ಲಿಗೆ ಒಂದು ಕಿಡಿ ತಗುಲಿದರೂ ಬೆಟ್ಟವೇ ಹೊತ್ತಿಕೊಳ್ಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯಕ್ಕೆ ಬೆಂಕಿ ಇಡುವುದು ಅಪರಾಧ. ಕಿಟ್‌ನ ಬೆಂಕಿ ಪ್ರಾಣಾಪಾಯದ ಕ್ಷಣಕ್ಕೆ ಮಾತ್ರ; ಅದನ್ನೂ ಬಂಡೆಯ ಮೇಲೋ ಹಳ್ಳದ ಮರಳಿನಲ್ಲೋ ಹಾಕಿ, ಬೂದಿ ತಣ್ಣಗಾಗುವವರೆಗೆ ನೀರು ಸುರಿದು ಹೊರಡಬೇಕು.

ಬೆಚ್ಚಗೆ, ಕಣ್ಣಿಗೆ ಬೀಳುವಂತೆ

ಮಳೆಗೆ ತೊಯ್ದ ಬಟ್ಟೆ, ಮೇಲೆ ಗಾಳಿ ಸೇರಿದರೆ ಹಿಮವಿಲ್ಲದ ಬೆಟ್ಟದಲ್ಲೂ ದೇಹದ ಶಾಖ ಬೇಗ ಇಳಿಯುತ್ತದೆ. ಪಾಲಿಯೆಸ್ಟರ್ ಹಾಳೆಗೆ ಅಲ್ಯೂಮಿನಿಯಂ ಲೇಪಿಸಿದ ತುರ್ತು ಹೊದಿಕೆ ಇಲ್ಲಿ ಉಪಯುಕ್ತ. ಮೂಲತಃ ನಾಸಾದ ಬಾಹ್ಯಾಕಾಶ ಕೆಲಸಕ್ಕೆ ತಯಾರಾದ ಈ ಹಾಳೆ ಸುಮಾರು 50-60 ಗ್ರಾಂ ತೂಗುತ್ತದೆ, ಮಡಿಸಿದರೆ ಜೇಬಿಗೆ ಹಿಡಿಸುತ್ತದೆ, ಗಾಳಿಮಳೆ ತಡೆದು ಮೈಯಿಂದ ಹೊರಡುವ ಶಾಖವನ್ನು ಹಿಂದಕ್ಕೆ ಕಳಿಸುತ್ತದೆ. ಅದರೊಳಗೆ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಎದೆಗೆ ಒತ್ತಿಕೊಂಡು, ನೆಲದ ತಂಪು ತಾಗದಂತೆ ಎಲೆಯನ್ನೋ ಬೆನ್ನಚೀಲವನ್ನೋ ಹಾಸಿ ಕೂರಬೇಕು.

ಕೂಗಿ ಕರೆದರೆ ಗಂಟಲು ಬೇಗ ಸೋಲುತ್ತದೆ. ಪ್ಲಾಸ್ಟಿಕ್ ಸೀಟಿಯ ಸದ್ದು ದೂರಕ್ಕೆ ಹೋಗುತ್ತದೆ. ಮೂರು ಬಾರಿ ಊದಿ, ನಿಲ್ಲಿಸಿ, ಮತ್ತೆ ಮೂರು ಬಾರಿ ಊದುವುದು ನೆರವು ಬೇಕೆಂಬ ಸಂಕೇತ. ತಲೆಗೆ ಕಟ್ಟುವ ಚಿಕ್ಕ ಟಾರ್ಚು ರಾತ್ರಿ ಬೆಳಕಿಗೂ ಸಂಕೇತಕ್ಕೂ ಆಗುತ್ತದೆ. ಮೊಬೈಲಿನಲ್ಲಿ ತನ್ನ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಕರೆ ಮಾಡಿ ನೋಡಬೇಕು, ತುರ್ತು ಕರೆ ಬೇರೆ ಕಂಪನಿಯ ಜಾಲದ ಮೂಲಕವೂ ಹೋಗಬಲ್ಲದು.

ಔಷಧ

ಬ್ಯಾಂಡೇಜು, ನಂಜು ನಿವಾರಕ ಮುಲಾಮು, ಉಳುಕಿಗೆ ಕ್ರೇಪ್ ಬ್ಯಾಂಡೇಜು, ನಿತ್ಯ ತೆಗೆದುಕೊಳ್ಳುವ ಮಾತ್ರೆಗಳು, ಎರಡು ಓಆರ್‌ಎಸ್ ಪೊಟ್ಟಣ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು ಬೇಕು. ನೀರು ಕಡಿಮೆಯಾದರೆ ದ್ರಾವಣ ಗಟ್ಟಿಯಾಗಿ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಒಂದು ಲೀಟರ್ ಬಾಟಲಿ ಕೊಳ್ಳಬೇಕೆನ್ನಲು ಇದೂ ಕಾರಣ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಲ್ಲಿ ಹೀರುವುದು ಯಾವುದನ್ನೂ ಮಾಡಬಾರದು. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು ಬೇಗ ಆಸ್ಪತ್ರೆಗೆ ಸಾಗಿಸಬೇಕು.

ಜೋಡಿಸುವ ಬಗೆ

ಸಾಮಾನನ್ನು ಬಾಟಲಿಯ ಒಳಗೆ ತುರುಕುವ ಪದ್ಧತಿಯೂ ಇದೆ. ಆಗ ನೀರಿಗೇ ಜಾಗವಿರುವುದಿಲ್ಲ. ಬಾಟಲಿ ಕೂರುವಷ್ಟು ಗಟ್ಟಿ ಬಟ್ಟೆಯ ಚೀಲ ಹೊಲಿಸಿ, ಹೊರಗೆ ಎರಡು ಜೇಬು ಇಡಿಸುವುದು ಉತ್ತಮ. ಹೊದಿಕೆ, ಔಷಧ ಒಂದು ಜೇಬಿಗೆ. ಬೆಂಕಿಯ ಸಾಮಾನು, ಮಡಿಸುವ ಚಾಕು, ಟಾರ್ಚು ಇನ್ನೊಂದಕ್ಕೆ. ಗಟ್ಟಿ ಅಂಟುಪಟ್ಟಿಯನ್ನು ಲೈಟರಿಗೆ ಸುತ್ತಿಡಬಹುದು. ನಾಲ್ಕೈದು ಮೀಟರ್ ನೈಲಾನ್ ಹಗ್ಗ ಚೀಲದ ಹಿಡಿಯಾಗುತ್ತದೆ. ಸೀಟಿ ಮಾತ್ರ ಚೀಲದೊಳಗೆ ಬೇಡ, ಕೊರಳಲ್ಲಿರಲಿ.

ಕಿಟ್ ಕೊಂಡು ಕಪಾಟಿನಲ್ಲಿಟ್ಟರೆ ಪ್ರಯೋಜನವಿಲ್ಲ. ಮಳೆ ಬಂದ ಮರುದಿನ ಹಿತ್ತಲಲ್ಲಿ ಒಮ್ಮೆ ಬೆಂಕಿ ಹೊತ್ತಿಸಿ ಬಾಟಲಿಯಲ್ಲಿ ನೀರು ಕುದಿಸಿ ನೋಡಬೇಕು. ಮಾತ್ರೆಗಳ ಅವಧಿ, ಟಾರ್ಚಿನ ಸೆಲ್ಲುಗಳನ್ನು ಪ್ರತಿ ಪ್ರಯಾಣಕ್ಕೆ ಮುಂಚೆ ಪರೀಕ್ಷಿಸಬೇಕು. ಎಲ್ಲಕ್ಕಿಂತ ಮೊದಲು, ಯಾವ ದಾರಿಯಲ್ಲಿ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೊರಡಬೇಕು. ಕಿಟ್ ರಾತ್ರಿಯೊಂದನ್ನು ದಾಟಿಸಬಲ್ಲದು. ಬೆಳಿಗ್ಗೆ ಹುಡುಕಿಕೊಂಡು ಬರಬೇಕಾದವರಿಗೆ ಎಲ್ಲಿ ಹುಡುಕಬೇಕೆಂಬುದು ಗೊತ್ತಿರಬೇಕು.