ಮೊಬೈಲು ಕೊಳ್ಳುವ ಮುನ್ನ: ಅದು ಯಾರ ಕೈಗೆ?

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿದ್ದ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತನಾಡಿ, ದೇಶದಲ್ಲಿ ಮೊಬೈಲು ಸೇವೆಗೆ ನಾಂದಿ ಹಾಡಿದರು. ಆಗ ಅದು ಸಿರಿವಂತರ ವಸ್ತು. ಬಂದ ಕರೆಗೂ ಹಣ ತೆರಬೇಕಾಗಿತ್ತು. ಇಂದು ಶ್ರೀರಂಗಪಟ್ಟಣದ ಪೇಟೆಬೀದಿಯಿಂದ ನಾಗಮಂಗಲದ ರಾಗಿ ಹೊಲದವರೆಗೆ ಮೊಬೈಲಿಲ್ಲದ ಮನೆ ವಿರಳ. ಆದರೆ ಮನೆಯೊಡತಿಗೆ ತನ್ನದೇ ಆದ ಮೊಬೈಲು ಇದೆಯೇ ಎಂಬುದನ್ನು ಪ್ರತಿಯೊಂದು ಕುಟುಂಬವೂ ಒಮ್ಮೆ ಕೇಳಿಕೊಳ್ಳಬೇಕೆಂದು ನಾವು ಬಯಸುತ್ತೇವೆ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯ ತಿಂಗಳ 2000 ರೂಪಾಯಿ ಮನೆಯ ಯಜಮಾನಿಯ ಹೆಸರಿಗೇ ಬರತಕ್ಕ ಹಣ. ಖಾತೆ ತಾಯಿಯದು, ಅದಕ್ಕೆ ಜೋಡಿಸಿದ ನಂಬರು ಮಗನದು ಎಂಬ ಸ್ಥಿತಿಯನ್ನು ನಾವು ಹಲವು ಮನೆಗಳಲ್ಲಿ ಕಾಣುತ್ತೇವೆ. ಮಗ ಉದ್ಯೋಗಕ್ಕೆಂದು ಬೆಂಗಳೂರು ಸೇರಿದರೆ, ಹಣ ಬಂದಿತೋ ಇಲ್ಲವೋ ತಿಳಿಯಲು ತಾಯಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕು. ಆಧಾರ್ ಕೆಲಸಕ್ಕೆ ಒಟಿಪಿ ಬೇಕಾದರೆ ಅವನ ಬಿಡುವಿಗಾಗಿ ಕಾಯಬೇಕು. ಆದಕಾರಣ ಅಂಗಡಿಯ ಮೆಟ್ಟಿಲೇರುವ ಮುನ್ನವೇ ಮೊಬೈಲು ಯಾರಿಗಾಗಿ ಎಂಬುದನ್ನು ನಿರ್ಧರಿಸತಕ್ಕದ್ದು. ತಾಯಿಗಾದರೆ ಸಿಮ್ ಕೂಡ ಆಕೆಯ ಹೆಸರಿನಲ್ಲೇ ಇರಲಿ. ಬ್ಯಾಂಕಿಗೂ ಆಧಾರ್‌ಗೂ ಅದೇ ನಂಬರನ್ನು ಜೋಡಿಸಿರಿ.

ಎರಡನೆಯದು ಸಿಗ್ನಲ್ಲಿನ ವಿಚಾರ. ಶ್ರೀರಂಗಪಟ್ಟಣ ಹೆದ್ದಾರಿಯ ಊರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಬೆಟ್ಟದ ಮರೆಯ ಹಳ್ಳಿಗಳ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಒಳಭಾಗದ ತೋಟದ ಮನೆಗಳ ಪರಿಸ್ಥಿತಿಯೇ ಬೇರೆ. ಟವರಿಗೂ ಮನೆಗೂ ನಡುವೆ ಗುಡ್ಡ ಅಡ್ಡ ಬಂದರೆ ಸಿಗ್ನಲ್ ಕುಗ್ಗುತ್ತದೆ. ನೆರೆಯವರ ಮೊಬೈಲುಗಳನ್ನು ತಂದು ಅಡುಗೆಮನೆ, ಹಿತ್ತಿಲು, ಕೊಟ್ಟಿಗೆಗಳಲ್ಲಿ ಮಾತನಾಡಿ ನೋಡಿ, ಯಾವ ಕಂಪನಿ ಸ್ಪಷ್ಟವಾಗಿ ಕೇಳುವುದೋ ಅದನ್ನೇ ಆರಿಸಿರಿ. ನಂಬರು ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದೆಲ್ಲೆಡೆ ಇದೆ.

ಸೆಟ್ಟಿನ ಆಯ್ಕೆಯಲ್ಲಿ ಬಳಸುವವರ ಕಣ್ಣು, ಕಿವಿ, ಬೆರಳುಗಳೇ ಅಳತೆಗೋಲು. ವಯಸ್ಸಾದವರಿಗೆ ದೊಡ್ಡ ಅಕ್ಷರ, ಗಟ್ಟಿ ಧ್ವನಿ, ಟಾರ್ಚು, ಹೆಚ್ಚು ಹೊತ್ತು ನಿಲ್ಲುವ ಚಾರ್ಜು ಇರುವ ಬಟನ್ ಸೆಟ್ ಸಾಕಾಗುತ್ತದೆ. ಆದರೆ ಜಿಯೋ ಸಿಮ್ ಹಳೆಯ 2ಜಿ ಸೆಟ್ಟಿನಲ್ಲಿ ನಡೆಯದು; ಅದಕ್ಕೆ 4ಜಿ ಇರುವುದೇ ಬೇಕು. ದೂರದ ಮೊಮ್ಮಕ್ಕಳ ಮುಖ ನೋಡುವ ಆಸೆಯಿದ್ದರೆ ದೊಡ್ಡ ಪರದೆಯ ಸ್ಮಾರ್ಟ್ ಫೋನು ಕೊಡಿಸಿ, ಅದರ ಭಾಷೆಯನ್ನು ಅಂಗಡಿಯಲ್ಲೇ ಕನ್ನಡಕ್ಕೆ ಬದಲಿಸಿಕೊಳ್ಳಿರಿ.

ಬಿಲ್ಲಿಲ್ಲದೆ ಕೊಳ್ಳಬಾರದು. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಡಬ್ಬಿಯ ಮೇಲೂ ಬಿಲ್ಲಿನಲ್ಲೂ ಅದೇ ಸಂಖ್ಯೆ ಇರಬೇಕು. ಹಳೆಯ ಸೆಟ್ ಕೊಳ್ಳುವವರು ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ತೆರಪು, ಬಳಿಕ ಆ ಸಂಖ್ಯೆಯನ್ನು ಬರೆದು 14422ಕ್ಕೆ ಸಂದೇಶ ಕಳುಹಿಸಿ ಪರೀಕ್ಷಿಸಬಹುದು. ಮೊಬೈಲು ಕಳುವಾದರೆ ಪೊಲೀಸರಿಗೆ ದೂರು ಕೊಟ್ಟು, ಸಂಚಾರ್ ಸಾಥಿಯ ಮೂಲಕ ಆ ಸೆಟ್ಟನ್ನೇ ನಿಷ್ಕ್ರಿಯಗೊಳಿಸುವ ವ್ಯವಸ್ಥೆ 2023ರ ಮೇ ತಿಂಗಳಿನಿಂದ ದೇಶಾದ್ಯಂತ ಜಾರಿಯಲ್ಲಿದೆ.

ಬಡ್ಡಿಯಿಲ್ಲದ ಕಂತು ಎಂದು ಹೇಳಿದಾಗ, ಒಟ್ಟು ಕಂತುಗಳನ್ನೂ ಅಂಗಡಿಯವರು ಕೇಳುವ ಇತರ ಶುಲ್ಕಗಳನ್ನೂ ಕೂಡಿಸಿ, ನಗದು ಬೆಲೆಯೊಡನೆ ಹೋಲಿಸಿ ನೋಡಿರಿ. ಕಬ್ಬಿನ ಹಣ, ಹಾಲಿನ ಹಣ ಕೈಸೇರಿದ ಮೇಲೆ ಪೂರ್ಣ ಬೆಲೆ ಕೊಟ್ಟು ಕೊಳ್ಳುವುದು ಲೇಸು.

ಕಡೆಯದಾಗಿ, ಕೊಡಿಸಿದ ಮಾತ್ರಕ್ಕೆ ಮಕ್ಕಳ ಹೊಣೆ ಮುಗಿಯುವುದಿಲ್ಲ. ನಾಲ್ಕು ದಿನ ಜೊತೆಯಲ್ಲಿ ಕುಳಿತು ಕಲಿಸಬೇಕು. ಒಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಂಡು ಕೇಳಿದರೂ ಕೊಡಬಾರದೆಂದು, ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂದು ಮನದಟ್ಟು ಮಾಡಿಸಬೇಕು. ಯಾರ ಹಂಗೂ ಇಲ್ಲದೆ ತನ್ನ ಖಾತೆಯ ಲೆಕ್ಕವನ್ನು ತಾನೇ ತಿಳಿಯಬಲ್ಲ ತಾಯಿ ಮನೆಗೇ ಒಂದು ಬಲ. ಆ ಬಲವನ್ನು ಕೊಡುವ ಮೊಬೈಲನ್ನೇ ಆರಿಸಿರೆಂಬುದು ಕುಟುಂಬ ಬಂಧುಗಳಲ್ಲಿ ನಮ್ಮ ವಿನಂತಿ.